ಹುಣಸೆಹುಳಿಯಲ್ಲಿ ತೊಳೆದ ಗುಂಡುಗಳು

ಊಟದ ಹೊತ್ತಿನಲ್ಲಿ ಅಪ್ಪನ ಬಲಗಡೆ ನಾವು ಯಾರೂ ಕೂರುತ್ತಿರಲಿಲ್ಲ. ಅಲ್ಲಿ ನಾಲ್ಕು ಮಡಿಕೆ ಮಾಡಿದ ಬಿಳಿ ಟವೆಲಿನ ಮೇಲೆ ರಿವಾಲ್ವರ್ ಇರುತ್ತಿತ್ತು. ಮುದ್ದೆ ಮುರಿಯುತ್ತಿರುವಾಗಲೇ ಅದನ್ನು ಎತ್ತಬೇಕಾಗಿ ಬಂದರೆ ಕೈ ಜಾರಬಾರದೆಂದು, ಎಂಜಲು ಒರೆಸಿಕೊಳ್ಳಲು ಪಕ್ಕದಲ್ಲಿ ಒಂದು ಒದ್ದೆ ಬಟ್ಟೆ ಇಟ್ಟುಕೊಳ್ಳುತ್ತಿದ್ದ. ಅಮ್ಮ ಎಡಗಡೆಯಿಂದ ಬಗ್ಗಿ ಬಡಿಸುತ್ತಿದ್ದಳು. ಯಡಿಯೂರು ಕೆರೆಯ ಹಿಂದಿನ ಆ ಮನೆಗೆ ಅಜ್ಜನ ಕಾಲದಿಂದ ಐದು ಕಿಟಕಿಗಳಿದ್ದವು. ಆಮೇಲೆ ಉಳಿದದ್ದು ಮೂರು. ಬೀದಿಯ ಕಡೆಯ ಎರಡಕ್ಕೆ ಅಪ್ಪ ಇಟ್ಟಿಗೆ ಕಟ್ಟಿಸಿ, ಗಾರೆ ಬಳಿಸಿ, ಮೇಲೆ ದೇವರ ಕ್ಯಾಲೆಂಡರ್ ತೂಗುಹಾಕಿದ್ದ. ಹಾಗಾಗಿ ಮಧ್ಯಾಹ್ನವೂ ನಡುಮನೆಯಲ್ಲಿ ಲೈಟ್ ಹಾಕಿಕೊಂಡೇ ಉಣ್ಣುತ್ತಿದ್ದೆವು. ಯಾರಾದರೂ ಬಾಗಿಲು ತಟ್ಟಿದರೆ ಅಪ್ಪ ಅಗಿಯುವುದನ್ನು ನಿಲ್ಲಿಸುತ್ತಿದ್ದ, ನಾವೂ ನಿಲ್ಲಿಸುತ್ತಿದ್ದೆವು. ಒಂದು ಸಲ ಯಾರೆಂದು ಕೇಳದೆ ನಾನು ಚಿಲಕ ತೆಗೆದುಬಿಟ್ಟೆ. ಬಂದಿದ್ದವನು ಹಾಲಿನವನು. ಅವನು ಹೋದ ಮೇಲೆ ಅಪ್ಪ ನನ್ನ ತಲೆಯನ್ನು ಬಾಗಿಲಿಗೆ ಎರಡು ಸಲ ಬಡಿದ. ಈಗಲೂ ಬೆಲ್ ಆದರೆ ನಾನು ಮೊದಲು ಬಾಗಿಲಿನ ಪಕ್ಕಕ್ಕೆ ಸರಿದು, ಗೋಡೆಗೆ ಒರಗಿ, ಆಮೇಲೆ ಯಾರು ಎಂದು ಕೇಳುತ್ತೇನೆ.

ಈ ಪದ್ಧತಿಗಳೆಲ್ಲ ಬಂದದ್ದು ಅಪ್ಪನ ಎಡಗೈಯ ಎರಡು ಬೆರಳು ಹೋದ ಮೇಲೆ. ನಮ್ಮವರ ಹೊಲಗಳೆಲ್ಲ ಬಡಾವಣೆಗಳಾಗಿ, ಜೆ.ಪಿ. ನಗರದ ಕಡೆ ಒಂದು ತುಂಡು ಮಾತ್ರ ಉಳಿದಿತ್ತು. ಅಜ್ಜ ಅಜ್ಜಿಯ ಸಮಾಧಿ ಅಲ್ಲೇ ಇತ್ತು. ಅದನ್ನು ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಕೊಡಬೇಕು ಅನ್ನುವುದು ಚಿಕ್ಕಪ್ಪನ ಆಸೆ. ಸುತ್ತ ಕಾಂಪೌಂಡ್ ಎಬ್ಬಿಸಿ ಉಳಿಸಿಕೊಳ್ಳಬೇಕು ಅನ್ನುವುದು ಅಪ್ಪನ ಹಟ. ಗೋಡೆ ಸೊಂಟದೆತ್ತರಕ್ಕೆ ಬಂದ ದಿನ ಬೈಕಿನಲ್ಲಿ ಇಬ್ಬರು ಬಂದು, ಲಾಂಗ್ ಮಚ್ಚು ಬೀಸಿದರು. ಕುತ್ತಿಗೆಗೆ ಬಂದದ್ದನ್ನು ಅಪ್ಪ ಎಡಗೈಯಿಂದ ತಡೆದ. ಕೈಗೆ ಟವೆಲ್ ಸುತ್ತಿಕೊಂಡು ಅಪ್ಪ ಸ್ಕೂಟರಿನಲ್ಲೇ ಮನೆಗೆ ಬಂದದ್ದು, ಕಾಲಿಡುವ ಜಾಗದ ರಬ್ಬರಿನ ಗೀರುಗಳಲ್ಲಿ ರಕ್ತ ಹರಿದು ನಿಂತದ್ದು ನನಗೆ ಚೆನ್ನಾಗಿ ನೆನಪಿದೆ. ಅಮ್ಮ ಮಾತ್ರ ಸ್ಕೂಟರ್ ಅಲ್ಲವೇ ಅಲ್ಲ, ಆಟೋ ಅನ್ನುತ್ತಾಳೆ. ಒಂದೇ ಕೈಯಲ್ಲಿ ಯಾರು ಸ್ಕೂಟರ್ ಓಡಿಸುತ್ತಾರೆ ಎಂದು ಕೇಳುತ್ತಾಳೆ. ನಾನು ಇತಿಹಾಸ ಎಂ.ಎ. ಮಾಡಿದವಳು, ಇಂಥ ಕಡೆ ಯಾವ ಸಾಕ್ಷಿಯನ್ನು ನಂಬಬೇಕೆಂದು ಕಲಿತಿದ್ದೇನೆ. ಆದರೂ ಆ ರಬ್ಬರಿನ ಗೀರುಗಳು ಕಣ್ಣಿಂದ ಹೋಗುವುದಿಲ್ಲ.

ಆ ಇಬ್ಬರನ್ನು ಕಳಿಸಿದ್ದು ಚಿಕ್ಕಪ್ಪನೇ ಎಂದು ಅಪ್ಪ ನಂಬಿದ. ಅದು ಕೊನೆಯವರೆಗೂ ತೀರ್ಮಾನವಾಗಲಿಲ್ಲ. ಚಿಕ್ಕಪ್ಪ ಇದ್ದದ್ದು ಅದೇ ಮನೆಯ ಇನ್ನೊಂದು ಅರ್ಧದಲ್ಲಿ. ನಡುಮನೆಗೆ ಅಡ್ಡಗೋಡೆ ಬಿದ್ದಿತ್ತು. ಹಿತ್ತಿಲು, ಬಾವಿ, ಒಗೆಯುವ ಕಲ್ಲು ಎರಡೂ ಮನೆಗೆ ಸೇರಿದ್ದವು. ನನಗೆ ಕೆರೆ ಏರಿಯ ಮೇಲೆ ಸೈಕಲ್ ಕಲಿಸಿದ್ದು ಚಿಕ್ಕಪ್ಪ. ಜಯನಗರ ಕಾಂಪ್ಲೆಕ್ಸಿಗೆ ಕರೆದುಕೊಂಡು ಹೋಗಿ, ಕಣ್ಣಲ್ಲಿ ನೀರು ಬರುವಂತೆ ಖಾರ ಹಾಕಿಸಿ ಮಸಾಲಪುರಿ ಕೊಡಿಸುತ್ತಿದ್ದವನೂ ಅವನೇ. ಇವನು ಲಾಂಗ್ ಹಿಡಿಸಿ ಅಣ್ಣನ ಮೇಲೆ ಆಳು ಕಳಿಸಿದ ಎಂದು ನಂಬಲು ನನಗೆ ಆಗುತ್ತಿರಲಿಲ್ಲ. ನಂಬದೆ ಇರಲೂ ಧೈರ್ಯವಿರಲಿಲ್ಲ, ಏಕೆಂದರೆ ಅಪ್ಪನ ಕೈ ಎದುರಿಗೇ ಇತ್ತು.

ಬಂದೂಕು ಇಟ್ಟುಕೊಳ್ಳಲು ಅಪ್ಪ ಅರ್ಜಿ ಹಾಕಿದ್ದ ಲೈಸೆನ್ಸ್ ಬರುವ ಹೊತ್ತಿಗೆ ಗಾಯ ಮಾಗಿತ್ತು. ಯಾವುದನ್ನು ಕೊಳ್ಳಬೇಕೆಂದು ಹೇಳಲು ಅಮ್ಮನ ತಮ್ಮ, ಮಿಲಿಟರಿಯಿಂದ ರಿಟೈರಾಗಿ ಬಂದಿದ್ದ ನಂಜುಂಡ ಮಾವ ಬಂದ. ಅಟ್ಟದ ಮೇಲೆ ಅಜ್ಜನ ಜೋಡುನಳಿಗೆಯ ಬಂದೂಕು ಇತ್ತು. ಹೊಲಕ್ಕೆ ಹಂದಿ ಬರುತ್ತಿದ್ದ ಕಾಲದ್ದು. ಮಾವನಿಗೆ ಅದೇ ಇಷ್ಟ. ಮನೆ ಕಾಯುವುದಕ್ಕೆ ಅದಕ್ಕಿಂತ ಬೇಕಿಲ್ಲ, ಹೆದರಿದವನ ಕೈ ನಡುಗಿದರೂ ಹರಡಿ ಹಾರುವ ಅದರ ಚರೆ ಗುರಿ ತಪ್ಪುವುದು ಕಡಿಮೆ, ಅದನ್ನು ಮಡಚಿ ಮುಚ್ಚುವ ಸದ್ದಿಗೇ ಅರ್ಧ ಜನ ಓಡುತ್ತಾರೆ ಎಂದು ವಾದಿಸಿದ. ಅಪ್ಪ ಬಂದೂಕನ್ನು ಬಲಗೈಯಲ್ಲಿ ಎತ್ತಿ, ನಳಿಗೆಯ ಕೆಳಗೆ ಎಡಗೈ ಕೊಟ್ಟ. ಉಳಿದಿದ್ದ ಬೆರಳುಗಳ ಮೇಲೆ ಅದು ಹೊರಳಿ ನೆಲಕ್ಕೆ ಬಿತ್ತು. ಮಾವ ಅದನ್ನೆತ್ತಿ ಮತ್ತೆ ಅಟ್ಟಕ್ಕೆ ಹಾಕಿದ. ಮರುವಾರ ಇಬ್ಬರೂ ಕಂಟೋನ್ಮೆಂಟ್ ಕಡೆಯ ಬಂದೂಕಿನ ಅಂಗಡಿಗೆ ಹೋಗಿ ಆರು ಗುಂಡಿನ ಸಣ್ಣ ರಿವಾಲ್ವರ್ ತಂದರು, ಜೊತೆಗೆ ಹನ್ನೆರಡು ಗುಂಡು.

ಆಮೇಲೆ ಶುರುವಾದದ್ದು ಎಷ್ಟು ಗುಂಡು ಹೊತ್ತುಕೊಂಡು ಓಡಾಡಬೇಕು ಅನ್ನುವ ಜಗಳ. ಅದು ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ನಡೆಯಿತು. ಸ್ಕೂಟರಿನಲ್ಲಿ ಹೋಗುವವನು ಗುಂಡಿಗೆ ಬಡಿಯುವ ಕುದುರೆಯ ಎದುರಿನ ಗುಂಡಿನ ಮನೆಯೊಂದನ್ನು ಖಾಲಿ ಬಿಟ್ಟು ಐದೇ ಹಾಕಬೇಕು ಎಂದು ಮಾವ. ಎಲ್ಲಾದರೂ ಬಿದ್ದರೆ ತೊಡೆಗೇ ಹಾರುತ್ತದೆ, ಐದರಲ್ಲಿ ಆಗದ ಕೆಲಸ ಹನ್ನೆರಡರಲ್ಲೂ ಆಗುವುದಿಲ್ಲ, ಐದಾದ ಮೇಲೆ ಕಾಲೇ ಗತಿ ಎನ್ನುತ್ತಿದ್ದ. ಅಪ್ಪನ ಲೆಕ್ಕ ಬೇರೆ. ಮೊದಲ ಸಲ ಇಬ್ಬರು ಬಂದರು, ಮುಂದಿನ ಸಲ ಮೂವರು ಬರುತ್ತಾರೆ, ತಲೆಗೆ ಎರಡರಂತೆ ಆರು ಬೇಕು. ಗುರಿ ತಪ್ಪಿದರೆ ಇರಲಿ ಎಂದು ಅಂಗಿ ಜೇಬಿನಲ್ಲಿ ಇನ್ನೂ ಆರು.

"ಎಣ್ಸೋಕೆ ಶುರು ಮಾಡಿದ್ರೆ ಮುಗಿಯಲ್ಲ ಭಾವ. ನಾಲ್ಕು ಜನ ಬಂದ್ರೆ?"

"ಇನ್ನೊಂದು ಡಬ್ಬಿ ತರ್ತೀನಿ."

"ಐದು ಜನ ಬಂದ್ರೆ?"

"ನೀನು ಯಾವ ಕಡೆಯವನೋ ನಂಜುಂಡ?"

ಮಾವ ಆವತ್ತು ಕಾಫಿ ಕುಡಿಯದೆ ಎದ್ದು ಹೋದ. ಈ ಜಗಳ ಹಿತ್ತಿಲಿನ ಆಚೆಗೂ ಕೇಳುತ್ತಿತ್ತು. ಬಾವಿಯ ಹತ್ತಿರ ಸಿಕ್ಕಾಗಲೆಲ್ಲ ಚಿಕ್ಕಪ್ಪ ಹಲ್ಲುಜ್ಜುತ್ತಾ ನನ್ನನ್ನು ಕೇಳುತ್ತಿದ್ದ:

"ಏನೇ ಸುಜಿ, ನಿಮ್ಮಪ್ಪ ಇವತ್ತು ಕಕ್ಕಸ್ಸಿಗೆ ಎಷ್ಟು ತಗೊಂಡು ಹೋದ? ಐದೋ ಆರೋ?"

ನಾನು ಬಾಯಿಗೆ ಲಂಗ ಅಡ್ಡ ಹಿಡಿದು ನಗುತ್ತಿದ್ದೆ. ನಕ್ಕಿದ್ದನ್ನು ಅಪ್ಪ ನೋಡಿಬಿಟ್ಟನೇನೋ ಎಂದು ತಿರುಗಿ ಹಿತ್ತಿಲ ಬಾಗಿಲನ್ನು ನೋಡುತ್ತಿದ್ದೆ.

ಅಪ್ಪನ ಆರಕ್ಕೆ ಇನ್ನೊಂದು ಅರ್ಥ ಇದ್ದದ್ದು ನವರಾತ್ರಿಗೆ ಸ್ವಲ್ಪ ಮೊದಲು ನಮಗೆ ಗೊತ್ತಾಯಿತು. ಅಮ್ಮ ಚಿಕ್ಕಪ್ಪನ ಮನೆಗೆ ಒಂದು ಬಟ್ಟಲು ಹುರುಳಿ ಸಾರು ಕಳಿಸಿದ್ದಳು. ಅಷ್ಟೇ ಅವಳ ತಪ್ಪು. ಅಪ್ಪ ಅವಳ ಜಡೆ ಹಿಡಿದು ಒಲೆಯ ಹತ್ತಿರ ಮಂಡಿಯೂರಿಸಿ, ರಿವಾಲ್ವರನ್ನು ಕಿವಿಯ ಹಿಂದೆ ಒತ್ತಿ, ಯಾವ ಗುಂಡು ಯಾರಿಗೆ ಎಂದು ಒಂದೊಂದಾಗಿ ಹೇಳಿದ. ಬೈಕಿನ ಆ ಇಬ್ಬರಿಗೆ ಎರಡೆರಡು. ಐದನೆಯದು ತಮ್ಮನಿಗೆ.

"ಆರನೇದು ಯಾಕೆ ಇಟ್ಕೊಂಡಿದ್ದೀನಿ ಗೊತ್ತಾ? ಒಳಗಿದ್ದು ಮೋಸ ಮಾಡೋರಿಗೆ."

ಅಮ್ಮ ಅಳಲಿಲ್ಲ. ಸಾರು ಉಕ್ಕುತ್ತಿದೆ, ಉರಿ ಕಮ್ಮಿ ಮಾಡು ಎಂದು ನನಗೆ ಹೇಳಿದಳು. ನಾನು ಹೋಗಿ ಸಣ್ಣಗೆ ಮಾಡಿದೆ. ಅಪ್ಪ ಜಡೆ ಬಿಟ್ಟು, ಹೊರಗೆ ಹೋಗಿ ಸ್ಕೂಟರ್ ಒರೆಸಿದ. ಅಮ್ಮನ ಕಿವಿಯ ಹಿಂದೆ ಒಂದು ದುಂಡು ಗುರುತು ಎರಡು ದಿನ ಇತ್ತು, ಬಳೆ ಒತ್ತಿದಂತೆ.

ಆಯುಧಪೂಜೆಗೆ ನಮ್ಮಲ್ಲಿ ಕುಡುಗೋಲು, ಗುದ್ದಲಿ, ಹೊಲಿಗೆ ಯಂತ್ರ, ಸ್ಕೂಟರ್ ಎಲ್ಲವನ್ನೂ ತೊಳೆದು ಅರಿಶಿನ ಕುಂಕುಮ ಇಡುವುದು ವಾಡಿಕೆ. ಆ ವರ್ಷ ರಿವಾಲ್ವರೂ ಸೇರಿತು. ಅಮ್ಮ ಆ ಮೂರು ದಿನ ಮುಟ್ಟಾಗಿ ಹೊರಗೆ ಕೂತಿದ್ದಳು. ದೇವರ ಸಾಮಾನು ನನ್ನ ಪಾಲಿಗೆ ಬಂತು. ನನಗೆ ಹನ್ನೆರಡು ವರ್ಷ. ಅಪ್ಪ ರಿವಾಲ್ವರನ್ನು ತಾನೇ ಒರೆಸಿ ಪೀಠದ ಮೇಲಿಟ್ಟು, ಗುಂಡುಗಳನ್ನು ಒಂದು ತಟ್ಟೆಯಲ್ಲಿ ಹಾಕಿ, ಇವನ್ನೂ ಚೊಕ್ಕ ಮಾಡಿ ಇಡು ಎಂದು ನನಗೆ ಕೊಟ್ಟ. ಹನ್ನೆರಡೂ ಹಿತ್ತಾಳೆಯವು, ಅಲ್ಲಲ್ಲಿ ಮಾಸಲಾಗಿದ್ದವು. ನಮ್ಮ ಮನೆಯಲ್ಲಿ ಹಿತ್ತಾಳೆ ಎಂದರೆ ಹುಣಸೆಹಣ್ಣು. ದೀಪದ ಕಂಬ, ಗಂಟೆ, ಆರತಿ ತಟ್ಟೆ ಎಲ್ಲವನ್ನೂ ಹುಣಸೆಹುಳಿಗೆ ಉಪ್ಪು ಹಾಕಿ ನೆನೆಸಿಟ್ಟ ಬೋಗುಣಿಗೆ ಗುಂಡುಗಳನ್ನೂ ಸುರಿದೆ. ಆಮೇಲೆ ಬೂದಿ ಹಾಕಿ ಉಜ್ಜಿದೆ. ಬಂಗಾರದ ಹಾಗೆ ಆದವು. ಅಪ್ಪ ಒಂದನ್ನೆತ್ತಿ ತಿರುಗಿಸಿ ನೋಡಿ, ಪರವಾಗಿಲ್ವೇ ಎಂದ. ಅಪ್ಪ ನನ್ನನ್ನು ಹೊಗಳಿದ್ದು ಅದೊಂದೇ ಸಲ ಇರಬೇಕು.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಎಷ್ಟು ಹೊತ್ತು ನೆನೆಸಿಟ್ಟೆ? ಅಮ್ಮನಿಗೆ ಒಂದು ಗಂಟೆ ಎಂದು ಹೇಳಿದ್ದೆ. ಆದರೆ ದೀಪದ ಕಂಬವನ್ನು ಉಜ್ಜುವಾಗ ಬೋಗುಣಿಯ ತಳದಲ್ಲಿ ಗುಂಡುಗಳು ಹಾಗೇ ಇದ್ದ ಒಂದು ಚಿತ್ರ, ಬೇರೆ ಬೆಳಕಿನಲ್ಲಿ ಅವನ್ನು ತೆಗೆಯುತ್ತಿರುವ ಇನ್ನೊಂದು ಚಿತ್ರ ಇದೆ. ಮಧ್ಯೆ ಒಂದು ದಿನವೇ ಕಳೆದಿರಬಹುದು. ಅದಕ್ಕಿಂತ ಮುಖ್ಯವಾದದ್ದು ಮಾವ ಹೇಳಿದ ಒಂದು ಮಾತು. "ತೇವ ಹತ್ತಿದ ಗುಂಡು ಸತ್ತ ಗುಂಡು." ಇದನ್ನು ನಾನು ಕೇಳಿದ್ದೇನೆ, ಅನುಮಾನವಿಲ್ಲ. ಪೂಜೆಗೆ ಮೊದಲು, ನಡುಮನೆಯಲ್ಲಿ ಅಪ್ಪನಿಗೆ ಹೇಳುವಾಗ ಕೇಳಿದೆನೋ ಅಥವಾ ಆಮೇಲೆ ಆಸ್ಪತ್ರೆಯ ವರಾಂಡದಲ್ಲಿ ಅಮ್ಮನಿಗೆ ಹೇಳುವಾಗ ಕೇಳಿದೆನೋ ಅದು ಗೊತ್ತಿಲ್ಲ. ನೆನಪಿನಲ್ಲಿ ಆ ಮಾತು ಹೇಳುವಾಗ ಮಾವ ಕಿತ್ತಳೆಹಣ್ಣು ಸುಲಿಯುತ್ತಿರುತ್ತಾನೆ. ಕಿತ್ತಳೆ ಆಸ್ಪತ್ರೆಗೆ ಸರಿಹೊಂದುತ್ತದೆ. ಆದರೆ ಅವನ ಹಿಂದೆ ಗೋಡೆಯಲ್ಲಿ ನಮ್ಮ ಮನೆಯ ಕ್ಯಾಲೆಂಡರ್ ಇರುತ್ತದೆ. ಮೊದಲೇ ಕೇಳಿದ್ದರೆ ನಾನು ಮಾಡಿದ್ದು ಒಂದು ಕೆಲಸ. ಆಮೇಲೆ ಕೇಳಿದ್ದರೆ ಬೇರೆ ಕೆಲಸ.

ಹಬ್ಬ ಕಳೆದ ಭಾನುವಾರ ಮಟನ್ ತಂದಿದ್ದರು. ಎಷ್ಟೇ ಜಗಳವಿದ್ದರೂ, ಅಜ್ಜನ ಕಾಲದ ಕಟ್ಟಳೆಯೆಂದು, ಭಾನುವಾರದ ಮಾಂಸ ಎರಡೂ ಮನೆಗೆ ಒಟ್ಟಿಗೆ ಬರುತ್ತಿತ್ತು, ಹಿತ್ತಿಲಿನ ಕೊರಡಿನ ಮೇಲೆ ಮಚ್ಚಿನಿಂದ ಮೂಳೆ ಕಡಿಯುವುದು ಚಿಕ್ಕಪ್ಪನ ಕೆಲಸವಾಗಿತ್ತು. ಅವನಷ್ಟು ಸಮನಾಗಿ ಯಾರೂ ಕಡಿಯುತ್ತಿರಲಿಲ್ಲ. ಅಪ್ಪ ಬಾವಿಕಟ್ಟೆಯ ಮೇಲೆ ಕೂತು ಪಾಲು ನೋಡುತ್ತಿದ್ದ, ಸೊಂಟದಲ್ಲಿ ಆರು, ಜೇಬಿನಲ್ಲಿ ಆರು. ನಾನು ಮತ್ತು ಅಮ್ಮ ಒಗೆಯುವ ಕಲ್ಲಿನ ಹತ್ತಿರ ಬೆಳ್ಳುಳ್ಳಿ ಬಿಡಿಸುತ್ತಿದ್ದೆವು. ಚಿಕ್ಕಪ್ಪ ತಲೆ ಎತ್ತದೆ ಮಾತು ತೆಗೆದ.

"ಅಣ್ಣ, ಸೈನ್ ಹಾಕ್ಬಿಡು. ಸಮಾಧಿ ಇರೋ ಮೂಲೆ ಬಿಟ್ಕೊಡ್ತಾರೆ, ಮಾತಾಡಿದ್ದೀನಿ."

"ನನ್ನ ಬೆರಳು ಎಲ್ಲಿ ಬಿಟ್ರು ಅಂತಾನೂ ಮಾತಾಡಿದ್ಯೇನೋ?"

"ನಾನಲ್ಲ ಅಂತ ಇನ್ನೆಷ್ಟು ಸಲ ಹೇಳ್ಲಿ? ನಾನೇ ಕಳಿಸಿದ್ರೆ ಬರೀ ಎರಡು ಬೆರಳು ತಗೊಂಡು ಬರ್ತಿದ್ರಾ?"

ಚಿಕ್ಕಪ್ಪನಿಗೆ ಬಾಯಿಯ ಮೇಲೆ ಹಿಡಿತ ಇರಲಿಲ್ಲ. ಇದನ್ನೂ ತಮಾಷೆಗೇ ಹೇಳಿದ ಎಂದು ನನ್ನ ಭಾವನೆ. ಅಪ್ಪ ಎದ್ದು ನಿಂತ. ಆಮೇಲಿನ ಒಂದು ಕ್ಷಣಕ್ಕೆ ನಮ್ಮ ಮನೆಯಲ್ಲಿ ಎರಡು ಕಥೆಗಳಿವೆ. ಅಪ್ಪನ ಪ್ರಕಾರ ತಮ್ಮ ಮಚ್ಚು ಎತ್ತಿದ, ಅದಕ್ಕೇ ತಾನು ರಿವಾಲ್ವರ್ ತೆಗೆದದ್ದು. ಅಮ್ಮನ ಪ್ರಕಾರ ಅವನು ಎತ್ತಿದ್ದು ಮೂಳೆ ಕಡಿಯಲು, ಕಣ್ಣು ಕೊರಡಿನ ಮೇಲೇ ಇತ್ತು. ನಾನು ನೋಡಿದ್ದು ಎತ್ತಿದ ಮಚ್ಚನ್ನು ಮಾತ್ರ. ಯಾರ ಮೇಲೆ ಎತ್ತಿದ್ದು ಎನ್ನುವುದು ನೋಡುವ ವಿಷಯವಲ್ಲ, ಊಹಿಸುವ ವಿಷಯ. ರಿವಾಲ್ವರ್ ನಾಲ್ಕು ಅಡಿ ದೂರದಿಂದ ಚಿಕ್ಕಪ್ಪನ ಎದೆಯ ಕಡೆ ಇತ್ತು. ಅಪ್ಪ ಟ್ರಿಗರ್ ಒತ್ತಿದ. ಚಿಲಕ ಬಿದ್ದಂತೆ ಒಂದು ಸದ್ದು. ಮತ್ತೆ ಒತ್ತಿದ. ಮೂರನೆಯ ಸಲ ಅಪ್ಪನ ಮುಖದಲ್ಲಿ ಕೋಪ ಹೋಗಿ ಏನೋ ಅರ್ಥವಾಗದವನ ಮುಖ ಬಂದಿತ್ತು. ಚಿಕ್ಕಪ್ಪ ಅಷ್ಟರವರೆಗೆ ಬಾಯಿ ತೆರೆದು ನಿಂತಿದ್ದ. ತನ್ನನ್ನು ಅಣ್ಣ ಮೂರು ಸಲ ಕೊಂದ ಎಂದು ಅವನಿಗೆ ಆಗ ಹೊಳೆದಿರಬೇಕು. ಮಚ್ಚು ಅಪ್ಪನ ಬಲ ಭುಜಕ್ಕೆ, ಕತ್ತಿನ ಬುಡಕ್ಕೆ ಹತ್ತಿರವಾಗಿ ಇಳಿಯಿತು. ಸದ್ದು ಕೊರಡಿನ ಮೇಲೆ ಬರುವ ಸದ್ದೇ. ಮಚ್ಚು ಮೂಳೆಯಲ್ಲಿ ಸಿಕ್ಕಿಕೊಂಡಿತು. ಕೀಳಲು ಚಿಕ್ಕಪ್ಪ ಅಪ್ಪನ ಎದೆಗೆ ಕಾಲಿಡಬೇಕಾಯಿತು. ರಕ್ತ ಬಾವಿಕಟ್ಟೆಗೆ, ಮಾಂಸದ ತಟ್ಟೆಗೆ, ನಮ್ಮ ಬೆಳ್ಳುಳ್ಳಿಗೆ ಹಾರಿತು.

ಆಮೇಲೆ ಮಚ್ಚು ಎಸೆದು, ಲುಂಗಿ ಬಿಚ್ಚಿ ಗಾಯಕ್ಕೆ ಒತ್ತಿ ಹಿಡಿದವನೂ ಚಿಕ್ಕಪ್ಪನೇ. ಚಡ್ಡಿಯಲ್ಲೇ ಅಣ್ಣನನ್ನು ಹೊತ್ತು ಬೀದಿಗೆ ಓಡಿ ಆಟೋ ನಿಲ್ಲಿಸಿದ. ಆಸ್ಪತ್ರೆಯಲ್ಲಿ, ಮಾಂಸ ಕಡಿಯುವಾಗ ಕೈ ಜಾರಿತು ಎಂದು ಇಬ್ಬರೂ ಒಂದೇ ಮಾತು ಹೇಳಿದರು. ಅವರಿಬ್ಬರು ಒಂದೇ ಮಾತು ಹೇಳಿದ್ದು ವರ್ಷಗಳ ಮೇಲೆ. ಆಗಲೇ ನಾನು ದಿನಚರಿ ಬರೆಯುತ್ತಿದ್ದೆ. ಆ ಭಾನುವಾರದ ಪುಟದಲ್ಲಿ "ಇವತ್ತು ಮಟನ್ ಮಾಡಲಿಲ್ಲ" ಎಂದು ಮಾತ್ರ ಇದೆ.

ಅಪ್ಪ ಉಳಿದ. ಬಲಗೈ ಉಳಿಯಲಿಲ್ಲ, ಭುಜದಿಂದ ಜೋತುಬಿದ್ದು, ಬೆರಳು ಮಾತ್ರ ಮಿಸುಕುತ್ತಿತ್ತು. ಮನೆಗೆ ಬಂದ ದಿನ ಗುಂಡುಗಳನ್ನು ಚಾಪೆಯ ಮೇಲೆ ಸುರಿಸಿಕೊಂಡು ಬಹಳ ಹೊತ್ತು ನೋಡಿದ. ಅವು ಇನ್ನೂ ಥಳಥಳ ಹೊಳೆಯುತ್ತಿದ್ದವು. ಇವನ್ನು ತೊಳೆದವರು ಯಾರು ಎಂದು ಕೇಳಿದ.

"ನಾನೇ," ಅಂದಳು ಅಮ್ಮ.

ಹಬ್ಬದ ಆ ಮೂರು ದಿನ ಅಮ್ಮ ದೇವರ ಸಾಮಾನು ಮುಟ್ಟಿರಲಾರಳು ಎಂದು ಅಪ್ಪನಿಗೆ ಗೊತ್ತಿತ್ತು. ತಟ್ಟೆ ಕೊಟ್ಟದ್ದು ನನ್ನ ಕೈಗೆ ಎಂದೂ ಗೊತ್ತಿತ್ತು. ಆದರೂ ಅವಳನ್ನು ಹತ್ತಿರ ಕರೆದ. ಕೈ ಏಳುತ್ತಿರಲಿಲ್ಲ, ಒದ್ದ. ಮೊದಲ ಒದೆ ಹೊಟ್ಟೆಗೆ. ಅವಳು ಬಗ್ಗಿದಾಗ ಎರಡನೆಯದು ಬಾಯಿಗೆ. ಒದೆಯುವಾಗ ಅವನು ನೋಡುತ್ತಿದ್ದದ್ದು ಬಾಗಿಲಲ್ಲಿ ನಿಂತಿದ್ದ ನನ್ನನ್ನು. ಒಂದು ಮಾತು ಹೇಳಿದ್ದರೆ ನಿಲ್ಲಿಸುತ್ತಿದ್ದನೋ ಏನೋ. ನಾನು ಹೇಳಲಿಲ್ಲ. ಅಮ್ಮ ರಕ್ತದ ಜೊತೆ ಒಂದು ಹಲ್ಲನ್ನು ಅಂಗೈಗೆ ಉಗಿದುಕೊಂಡು ಬಚ್ಚಲಿಗೆ ಹೋದಳು.

ತಿಂಗಳ ಮೇಲೆ ಮಾವನನ್ನು ಜೊತೆಗೆ ಕರೆದುಕೊಂಡು ಹೋಗಿ ಅಪ್ಪ ಹೊಸ ಗುಂಡು ತಂದ. ಮಾವ ಬೇಡವೆಂದ, ಇನ್ನು ನಿಮಗೆ ಯಾವ ಕೈ ಇದೆ ಎಂದೂ ಕೇಳಿದನಂತೆ. ಎಡಗೈಯ ಮೂರು ಬೆರಳಿನಲ್ಲಿ ಹಿಡಿದು ಒತ್ತಬಲ್ಲೆ, ತುಂಬಲು ಮಾತ್ರ ಆಗುವುದಿಲ್ಲ ಎಂದು ಅಪ್ಪ. ತುಂಬುವ ಕೆಲಸವನ್ನು ನನಗೆ ಕೊಟ್ಟ. ಬೈಯಲಿಲ್ಲ, ಕಾರಣ ಹೇಳಲಿಲ್ಲ. ದಿನಾ ಬೆಳಗ್ಗೆ ಸ್ಕೂಲಿಗೆ ಹೊರಡುವ ಮೊದಲು, ಹಿತ್ತಿಲಿನ ಕಿಟಕಿಯ ಹತ್ತಿರ ಕೂತು ನಾನು ಆರು ಗುಂಡುಗಳನ್ನೂ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಮತ್ತೆ ತುಂಬಿ, ಅಪ್ಪನ ತೊಡೆಯ ಮೇಲಿಡುತ್ತಿದ್ದೆ. ಕಾಲೇಜಿನಲ್ಲಿದ್ದಾಗ ನನ್ನ ಬಗ್ಗೆ ನಾನೇ ಒಂದು ಕಥೆ ಕಟ್ಟಿಕೊಂಡಿದ್ದೆ: ಹನ್ನೆರಡು ವರ್ಷದ ಹುಡುಗಿಯೊಬ್ಬಳು ತಿಳಿದೇ ಗುಂಡುಗಳನ್ನು ಸಾಯಿಸಿ ಚಿಕ್ಕಪ್ಪನನ್ನು ಉಳಿಸಿದಳು ಎಂದು. ಗೆಳತಿಯರಿಗೆ ಹೇಳಿ ಅವರ ಕಣ್ಣು ಒದ್ದೆಯಾಗುವುದನ್ನು ನೋಡಿದ್ದೇನೆ. ಗುಂಡು ಸಿಡಿದಿದ್ದರೆ ಅಪ್ಪನ ಕೈ ಉಳಿಯುತ್ತಿತ್ತು ಎನ್ನುವುದನ್ನು ಅವರಿಗೆ ಹೇಳಲಿಲ್ಲ. ಈ ಬೆಳಗಿನ ಕೆಲಸವನ್ನಂತೂ ಹೇಳಲೇ ಇಲ್ಲ. ಒಂದು ಬಟ್ಟಲು ನೀರು ಯಾವಾಗಲೂ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ತೇವ ಏನು ಮಾಡುತ್ತದೆ ಎಂದು ಆ ಹೊತ್ತಿಗೆ ನನಗೆ ಖಚಿತವಾಗಿ ಗೊತ್ತಿತ್ತು.

ಒಂದು ಬೆಳಗ್ಗೆ ಚಿಕ್ಕಪ್ಪ ಆ ಕಿಟಕಿಯ ಹೊರಗೆ ಬಂದು ನಿಂತ. ಆ ಭಾನುವಾರದ ಮೇಲೆ ಅವನು ನನ್ನನ್ನು ಮಾತಾಡಿಸಿದ್ದು ಅದೇ ಮೊದಲು. ದಾಡಿ ಬಿಟ್ಟಿದ್ದ, ತಮಾಷೆ ಮರೆತಿದ್ದ. ಹುಣಸೆಹುಳಿಯ ವಿಷಯ ಅಮ್ಮನೋ ಮಾವನೋ ಅವನಿಗೆ ಹೇಳಿರಬೇಕು. ನನ್ನ ಕೈಯಲ್ಲಿದ್ದ ಗುಂಡನ್ನು, ಬಟ್ಟೆಯನ್ನು ನೋಡಿ ಒಂಥರಾ ನಕ್ಕ. ನಾವಿಬ್ಬರೂ ಒಂದು ಗುಟ್ಟಿನಲ್ಲಿ ಇದ್ದೇವೆ ಅನ್ನುವ ನಗು ಅದು.

"ಈ ಸಲಾನೂ ಉಳಿಸ್ತೀಯ ತಾನೇ ಸುಜಿ?"

ಹೌದು ಎಂದರೆ ಸಾಕಿತ್ತು. ಅಪ್ಪ ಒಳಗೆ ಸ್ನಾನಕ್ಕೆ ಕೂತಿದ್ದ, ಅಮ್ಮ ನೀರು ಹಾಕುತ್ತಿದ್ದಳು. ಕೇಳುವವರು ಯಾರೂ ಇರಲಿಲ್ಲ. ನಾನು ಆರನೆಯದನ್ನೂ ಒರೆಸಿ, ತುಂಬಿ, ಮುಚ್ಚಿದೆ.

"ಇಲ್ಲ ಚಿಕ್ಕಪ್ಪ. ಚೆನ್ನಾಗಿ ಒರೆಸಿದ್ದೀನಿ."

ಅವನ ನಗು ಇನ್ನೂ ಸ್ವಲ್ಪ ಹೊತ್ತು ಮುಖದ ಮೇಲೇ ಇತ್ತು, ತೆಗೆಯಲು ಮರೆತವನ ಹಾಗೆ. ಆ ತಿಂಗಳೊಳಗೆ ಚಿಕ್ಕಪ್ಪನ ಮನೆಯವರು ತಮ್ಮ ಅರ್ಧವನ್ನು ಖಾಲಿ ಮಾಡಿಕೊಂಡು ಬಿಟಿಎಂ ಲೇಔಟಿಗೆ ಹೋದರು. ಹೊಲದ ಮಾತು ಮತ್ತೆ ಎತ್ತಲಿಲ್ಲ. ಎಲ್ಲರೂ ಅವನಿಗೆ ಪಶ್ಚಾತ್ತಾಪವಾಯಿತು ಎಂದರು. ಅಪ್ಪ, ಹೆದರಿದ ನನ್ಮಗ, ರಿವಾಲ್ವರ್ ಇದ್ದದ್ದಕ್ಕೆ ಹೋದ ಎಂದ. ನಾನು ಚಿಕ್ಕಪ್ಪನನ್ನು ಎಚ್ಚರಿಸಿ ಕಳಿಸಿದೆನೋ, ಹೆದರಿಸಿ ಕಳಿಸಿದೆನೋ, ಅಥವಾ ಒದೆ ತಿಂದ ಅಮ್ಮನ ಬಾಯಿಗೆ ಯಾರಾದರೊಬ್ಬರು ಬೆಲೆ ತೆರಲಿ ಎಂದು ಬಯಸಿದೆನೋ, ಇಷ್ಟು ವರ್ಷ ಬರೆದರೂ ತಿಳಿಯಲಿಲ್ಲ. ಗುಂಡುಗಳು ಮಾತ್ರ ನಿಜಕ್ಕೂ ಒಣಗಿದ್ದವು.